ಲೇಬಲ್ ಓದುತ್ತಾ ನಿಧಾನಕ್ಕೆ ನಡೆಯುವ ತೋಟ

ಮನಿ ಪ್ಲಾಂಟ್‌ ಎಲೆ ಎಷ್ಟು ದೊಡ್ಡದಾಗುತ್ತದೆ ಗೊತ್ತಾ? ಬಾಟಲಿಯಲ್ಲೋ ಕಿಟಕಿ ಪಕ್ಕದ ಕುಂಡದಲ್ಲೋ ನಾವು ನೋಡುವುದು ಅಂಗೈಯಷ್ಟು ಎಲೆ. ಅದೇ ಗಿಡ ಒಂದು ಸಸ್ಯೋದ್ಯಾನದಲ್ಲಿ ದೊಡ್ಡ ಮರ ತಬ್ಬಿಕೊಂಡು ಮೇಲೆ ಹತ್ತಿತ್ತು. ಒಂದೊಂದು ಎಲೆಯೂ ಎರಡು ಅಡಿ ಉದ್ದ. ಅಂಚಿನಿಂದ ನಡುನರದ ಹತ್ತಿರದವರೆಗೂ ಅಲ್ಲಲ್ಲಿ ಸೀಳು. ಬಳ್ಳಿ ನನ್ನ ಹೆಬ್ಬೆರಳಿಗಿಂತ ದಪ್ಪ ಇತ್ತು. ಬುಡದಲ್ಲಿದ್ದ ಲೇಬಲ್ ಓದಿದ ಮೇಲೇ ನಂಬಿದ್ದು: ಎಪಿಪ್ರೆಮ್ನಮ್ ಆರಿಯಂ, ಮೂಲ ಫ್ರೆಂಚ್ ಪಾಲಿನೇಷಿಯಾ.

ನಾವು ಮನೆಯಲ್ಲಿ ಸಾಕುವುದು ಆ ಗಿಡದ ಬಾಲ್ಯವನ್ನು ಮಾತ್ರ. ಹತ್ತಲು ಆಸರೆ ಸಿಕ್ಕಿದರೆ, ಮೇಲೆ ಬೆಳಕು ಸಿಕ್ಕಿದರೆ ಅದರ ಎಲೆ ಮೇಲೆ ಹೋದಂತೆಲ್ಲ ದೊಡ್ಡದಾಗುತ್ತದೆ. ಕೆಳಗೆ ಜೋತುಬಿಟ್ಟರೆ ಎಲೆ ಸಣ್ಣದಾಗುತ್ತಾ ಹೋಗುತ್ತದೆ. ಮನೆಗೆ ಬಂದು ನನ್ನ ಕುಂಡದ ನಡುವೆ ತೆಂಗಿನ ನಾರು ಸುತ್ತಿದ ಕೋಲು ನಿಲ್ಲಿಸಿದೆ. ಗೆಣ್ಣಿನ ಬೇರುಗಳು ನಾರಿಗೆ ಅಂಟಿಕೊಂಡವು. ಆಮೇಲೆ ಬಂದ ಎಲೆಗಳು ಹಳೆಯವಕ್ಕಿಂತ ಸ್ಪಷ್ಟವಾಗಿ ಅಗಲ. ನರ್ಸರಿಯಲ್ಲಿ ಯಾರೂ ಹೇಳದ ವಿಷಯವನ್ನು ಆ ಮರ ಒಂದೇ ನೋಟದಲ್ಲಿ ಹೇಳಿಕೊಟ್ಟಿತು.

ನಾನು ಸಸ್ಯೋದ್ಯಾನಗಳಿಗೆ ಹೋಗುವುದು ಇದಕ್ಕೇ. ಕುಂಡದಲ್ಲಿ, ಫೋಟೊದಲ್ಲಿ ಗಿಡದ ಒಂದು ಹಂತ ಕಾಣುತ್ತದೆ. ಅದು ಪೂರ್ತಿ ಬೆಳೆದಾಗ ಹೇಗಿರುತ್ತದೆ, ಅದರ ನೆಂಟರು ಯಾರು, ಯಾರ ನೆರಳಲ್ಲಿ ಖುಷಿಯಾಗಿರುತ್ತದೆ ಅನ್ನುವುದು ಕಾಣಬೇಕಾದರೆ ತೋಟಕ್ಕೇ ಹೋಗಬೇಕು. ನಾನು ಗಿಡ ಬೆಳೆಸುತ್ತೇನೆ, ಗಿಡಗಳ ಚಿತ್ರವನ್ನೂ ಬಿಡಿಸುತ್ತೇನೆ. ಎರಡಕ್ಕೂ ಇದಕ್ಕಿಂತ ಒಳ್ಳೆಯ ಶಾಲೆ ನನಗೆ ಸಿಕ್ಕಿಲ್ಲ.

ಪಾರ್ಕಿಗೂ ಸಸ್ಯೋದ್ಯಾನಕ್ಕೂ ಏನು ವ್ಯತ್ಯಾಸ ಅಂತ ಕೇಳುತ್ತಾರೆ. ಎರಡರಲ್ಲೂ ಹುಲ್ಲುಹಾಸು, ಬೆಂಚು, ಹೂವು ಇರುತ್ತವೆ ನಿಜ. ಆದರೆ ಸಸ್ಯೋದ್ಯಾನದಲ್ಲಿ ಗಿಡಗಳಿಗೆ ದಾಖಲೆ ಇರುತ್ತದೆ. ಎಲ್ಲಿಂದ ಬಂತು, ಯಾವಾಗ ಬಂತು, ಬೀಜವಾಗಿ ಬಂತಾ ಕಡ್ಡಿಯಾಗಿ ಬಂತಾ, ಎಲ್ಲ ಬರೆದಿಟ್ಟಿರುತ್ತಾರೆ. ಲೇಬಲ್‌ನ ಮೂಲೆಯಲ್ಲಿ ಒಂದು ಸಂಖ್ಯೆ ಇರುವುದನ್ನು ನೋಡಿದ್ದೀರಾ? ಆ ದಾಖಲೆಯ ಸಂಖ್ಯೆ ಅದು. ಎಷ್ಟೋ ತೋಟಗಳಲ್ಲಿ ಅದು ಗಿಡ ಬಂದ ವರ್ಷದಿಂದಲೇ ಶುರುವಾಗುತ್ತದೆ.

ಲೇಬಲ್ ಓದುವುದನ್ನು ಕಲಿತರೆ ಅರ್ಧ ತೋಟ ಅರ್ಥವಾದ ಹಾಗೆ. ಹೆಸರಿನ ಕೊನೆಗೆ ಒಂಟಿಯಾಗಿ ‘ಎಲ್’ ಅನ್ನುವ ಇಂಗ್ಲಿಷ್ ಅಕ್ಷರ ಇದ್ದರೆ ಆ ಹೆಸರಿಟ್ಟವನು ಸ್ವೀಡನ್ನಿನ ಕಾರ್ಲ್ ಲಿನೇಯಸ್. ಗಿಡಗಳ ಎರಡು ಪದದ ಹೆಸರುಗಳಿಗೆ 1753ರ ಅವನ ಪುಸ್ತಕವೇ ಇವತ್ತಿಗೂ ಆರಂಭದ ಗೆರೆ. ಹೆಸರಿನ ನಡುವೆ ಗುಣಾಕಾರದ ಚಿಹ್ನೆ ಇದ್ದರೆ ಅದು ಮಿಶ್ರತಳಿ. ಕೊನೆಯ ಪದ ಒಂಟಿ ಉದ್ಧರಣ ಚಿಹ್ನೆಯ ಒಳಗಿದ್ದರೆ ಮನುಷ್ಯರು ಆರಿಸಿ ಉಳಿಸಿಕೊಂಡ ತಳಿ. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಕುಟುಂಬದ ಹೆಸರು. ಸಂಪಿಗೆ ಮರದ ಲೇಬಲ್ ನೋಡಿ, ಮ್ಯಾಗ್ನೋಲಿಯಾದ ಲೇಬಲ್ ನೋಡಿ. ಎರಡೂ ಒಂದೇ ಕುಟುಂಬ. ಆಮೇಲೆ ಎರಡು ಹೂಗಳ ನಡುವನ್ನು ನೋಡಿದರೆ ಆ ನೆಂಟಸ್ತಿಕೆ ಕಣ್ಣಿಗೇ ಕಾಣುತ್ತದೆ: ಕೇಸರಗಳು ಸುರುಳಿಯಾಗಿ, ಕಂಬದ ಸುತ್ತ ಮೆಟ್ಟಿಲಿನ ಹಾಗೆ ಹತ್ತಿರುತ್ತವೆ.

ಈ ತೋಟಗಳು ಹುಟ್ಟಿದ್ದೇ ಕಲಿಕೆಗಾಗಿ. ಇಟಲಿಯ ಪಡುವಾದಲ್ಲಿ 1545ರಲ್ಲಿ ವಿಶ್ವವಿದ್ಯಾಲಯದ ತೋಟ ಶುರುವಾಯಿತು. ಶುರುವಾದ ಜಾಗದಲ್ಲೇ ಇವತ್ತಿಗೂ ಉಳಿದಿರುವ ಸಸ್ಯೋದ್ಯಾನಗಳಲ್ಲಿ ಅದೇ ಅತ್ಯಂತ ಹಳೆಯದು. ವೈದ್ಯ ವಿದ್ಯಾರ್ಥಿಗಳು ನಿಜವಾದ ಔಷಧಿ ಗಿಡ ಯಾವುದು, ಅದರಂತೆಯೇ ಕಾಣುವ ಬೇರೆ ಗಿಡ ಯಾವುದು ಅಂತ ಕಣ್ಣಾರೆ ನೋಡಿ ಕಲಿಯಬೇಕಿತ್ತು. ಗುರುತು ತಪ್ಪಿದರೆ ರೋಗಿಯ ಜೀವಕ್ಕೇ ಅಪಾಯ ತಾನೇ? ಬೆಲೆಬಾಳುವ ಗಿಡಗಳನ್ನು ಕಳ್ಳರು ಕಿತ್ತುಕೊಂಡು ಹೋಗತೊಡಗಿದಾಗ ತೋಟಕ್ಕೆ ದುಂಡಗಿನ ಗೋಡೆ ಕಟ್ಟಿದರು. ಆ ಗೋಡೆ ಈಗಲೂ ಇದೆ.

ಅದೇ ತೋಟದಲ್ಲಿ ಒಂದು ತಾಳೆ ಜಾತಿಯ ಗಿಡ ಇದೆ. ಮೆಡಿಟರೇನಿಯನ್ ಕಡೆಯ ಬೀಸಣಿಗೆ ತಾಳೆ. ನೆಟ್ಟಿದ್ದು 1585ರಲ್ಲಿ. ಈಗ ಅದಕ್ಕೇ ಅಂತ ಎಂಟು ಮೂಲೆಯ ಗಾಜಿನ ಮನೆ ಕಟ್ಟಿ ಕಾಪಾಡಿದ್ದಾರೆ. 1786ರ ಸೆಪ್ಟೆಂಬರಿನಲ್ಲಿ ಜರ್ಮನ್ ಕವಿ ಗಯಟೆ ಪ್ರವಾಸ ಹೋಗುವಾಗ ಈ ತಾಳೆಯ ಮುಂದೆ ನಿಂತ. ಬುಡದ ಎಲೆಗಳು ಸೀಳಿಲ್ಲದೆ ಈಟಿಯ ಮೊನೆಯ ಹಾಗೆ ಇದ್ದವು. ಮೇಲೆ ಹೋದಂತೆ ಎಲೆ ಸೀಳುತ್ತಾ ಸೀಳುತ್ತಾ ಕೊನೆಗೆ ಪೂರ್ತಿ ಬೀಸಣಿಗೆ ಆಗಿತ್ತು. ಒಂದೇ ಗಿಡದಲ್ಲಿ ಎಲ್ಲ ಹಂತಗಳೂ! ಅವನು ತೋಟದ ಕೆಲಸದವನನ್ನು ಕೇಳಿ ಆ ಸಾಲಿನ ಒಂದೊಂದು ಎಲೆಯನ್ನೂ ಕತ್ತರಿಸಿಕೊಂಡು, ದೊಡ್ಡ ರಟ್ಟುಗಳ ನಡುವೆ ಇಟ್ಟು ತನ್ನ ಜೊತೆ ಒಯ್ದ. ಗಿಡದ ಭಾಗಗಳೆಲ್ಲ ಎಲೆಯೇ ರೂಪ ಬದಲಿಸಿಕೊಂಡು ಆದವು ಅನ್ನುವ ಅವನ ಪ್ರಬಂಧ 1790ರಲ್ಲಿ ಬಂತು. ಹೂವಿನ ದಳ, ಕೇಸರ ಎಲ್ಲವೂ ಎಲೆಯಂಥ ಅಂಗಗಳೇ ಅನ್ನುವ ಆ ಹೊಳಹನ್ನು ಇವತ್ತಿನ ಸಸ್ಯವಿಜ್ಞಾನವೂ ತಳ್ಳಿಹಾಕಿಲ್ಲ.

ಈ ಕಥೆ ನನಗೆ ತುಂಬಾ ಇಷ್ಟ. ಅವನು ತೋಟದಲ್ಲಿ ನೂರು ಗಿಡ ನೋಡಿರಬಹುದು. ಹೊಳೆದದ್ದು ಒಂದರ ಮುಂದೆ ನಿಂತು ಬುಡದಿಂದ ತುದಿಯ ತನಕ ನೋಡಿದಾಗ. ಈ ಅಭ್ಯಾಸ ಯಾರು ಬೇಕಾದರೂ ಮಾಡಬಹುದು. ಯಾವುದಾದರೂ ಗಿಡ ಆರಿಸಿಕೊಳ್ಳಿ. ತೀರಾ ಕೆಳಗಿನ ಎಲೆಯಿಂದ ಶುರು ಮಾಡಿ ಹೂವಿನ ಕೆಳಗಿನ ಪುಟ್ಟ ಎಲೆಯ ತನಕ ಒಂದೊಂದರ ಆಕಾರವನ್ನೂ ಸಾಲಾಗಿ ಪೆನ್ಸಿಲ್ಲಿನಲ್ಲಿ ಬರೆಯಿರಿ. ಚಿತ್ರ ಚೆನ್ನಾಗಿ ಬರಬೇಕು ಅಂತೇನಿಲ್ಲ. ಹೊರಗೆರೆ ಸಾಕು. ಮೂರನೆಯ ಎಲೆಗೆ ಬರುವಷ್ಟರಲ್ಲಿ ಗಿಡ ಬೇರೆಯೇ ಥರ ಕಾಣತೊಡಗುತ್ತದೆ.

ಸ್ಫೂರ್ತಿ ಅಂದರೆ ಬಣ್ಣಬಣ್ಣದ ಹೂಹಾಸು ನೋಡಿ ಮನಸ್ಸು ಹಗುರಾಗುವುದು ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಅದೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ಗಿಡದಿಂದ ಕೆಲಸಕ್ಕೆ ಬರುವ ಹೊಳಹು ಸಿಗುವುದು ಅದರ ಕಟ್ಟಣೆ ನೋಡಿದಾಗ. ವಿಕ್ಟೋರಿಯಾ ಅನ್ನುವ ದೈತ್ಯ ನೈದಿಲೆಯನ್ನೇ ತೆಗೆದುಕೊಳ್ಳಿ. ಕೊಳದ ದಡದಿಂದ ನೋಡಿದರೆ ಅಂಚು ಮೇಲೆತ್ತಿದ ದೊಡ್ಡ ಹಸಿರು ಪರಾತ, ಅಷ್ಟೇ. ನಾನು ಹೋದ ಒಂದು ತೋಟದಲ್ಲಿ ಹಳೆಯ ಎಲೆಯೊಂದನ್ನು ಕಿತ್ತು ಬೋರಲು ಹಾಕಿ ಜನ ನೋಡಲಿ ಅಂತ ಇಟ್ಟಿದ್ದರು. ನಾನು ಅದರ ಪಕ್ಕದಿಂದ ಏಳಲೇ ಇಲ್ಲ.

ಕೆಳಗಿನ ಮೈ ನೇರಳೆ ಮಿಶ್ರಿತ ಕೆಂಪು. ನಡುವಿನಿಂದ ದಪ್ಪ ನರಗಳು ಎಲ್ಲ ದಿಕ್ಕಿಗೂ ಹೊರಟಿವೆ. ಅಂಚಿನ ಕಡೆ ಹೋದಂತೆ ಕವಲೊಡೆದು ತೆಳ್ಳಗಾಗಿವೆ. ಒಂದು ನರಕ್ಕೂ ಇನ್ನೊಂದಕ್ಕೂ ನಡುವೆ ಅಡ್ಡಪಟ್ಟಿಗಳು. ನರಗಳ ಒಳಗೆಲ್ಲ ಗಾಳಿ ತುಂಬಿದ ಕೊಳವೆಗಳು, ಅದಕ್ಕೇ ಅಷ್ಟು ದೊಡ್ಡ ಎಲೆ ತೇಲುತ್ತದೆ. ಮೈ ತುಂಬಾ ಚೂಪು ಮುಳ್ಳು. ಮೇಲೆತ್ತಿದ ಅಂಚಿನಲ್ಲಿ ಎದುರುಬದುರು ಎರಡು ಕಡೆ ಕಚ್ಚು ಇದೆ. ಮಳೆ ನೀರು ಹರಿದು ಹೋಗುವುದು ಅಲ್ಲಿಂದ. ಎಲೆಯ ಹಾಳೆ ಮಾತ್ರ ತುಂಬಾ ತೆಳು, ಉಗುರು ತಾಗಿದರೂ ಹರಿಯುವಷ್ಟು. ಬಲವೆಲ್ಲ ಚೌಕಟ್ಟಿನಲ್ಲಿದೆ.

ಇಂಗ್ಲೆಂಡಿನ ಚಾಟ್ಸ್‌ವರ್ತ್‌ನಲ್ಲಿ ತೋಟದ ಮುಖ್ಯಸ್ಥನಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ ಲಂಡನ್ನಿನ ಕ್ಯೂ ಸಸ್ಯೋದ್ಯಾನದಿಂದ ಇದರ ಸಸಿ ತರಿಸಿಕೊಂಡು, ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಬೆಳೆಸಿ, 1849ರಲ್ಲಿ ಬ್ರಿಟನ್ನಿನಲ್ಲೇ ಮೊದಲ ಬಾರಿಗೆ ಹೂ ಬಿಡಿಸಿದ. ತನ್ನ ಪುಟ್ಟ ಮಗಳು ಆನಿಯನ್ನು ಎಲೆಯ ಮೇಲೆ ನಿಲ್ಲಿಸಿ ನೋಡಿದ. ಎಲೆ ಮುಳುಗಲಿಲ್ಲ. ಮುಂದೆ 1851ರ ಲಂಡನ್ ಮಹಾ ಪ್ರದರ್ಶನಕ್ಕೆ ಕಬ್ಬಿಣ ಮತ್ತು ಗಾಜಿನ ಕ್ರಿಸ್ಟಲ್ ಪ್ಯಾಲೇಸ್‌ಗೆ ವಿನ್ಯಾಸ ಮಾಡಿದ್ದು ಇವನೇ. ತೆಳು ಹಾಳೆಯನ್ನು ಹೊರುವ ಗಟ್ಟಿ ಪಕ್ಕೆಲುಬುಗಳ ಆಲೋಚನೆ ಈ ಎಲೆಯಿಂದ ಬಂತು ಅಂತ ತಾನೇ ಹೇಳಿಕೊಂಡಿದ್ದ. ಅವನು ಶಾಲೆಯಲ್ಲಿ ವಾಸ್ತುಶಿಲ್ಪ ಕಲಿತವನಲ್ಲ. ತೋಟಗಾರ. ನನಗೆ ಅದು ದೊಡ್ಡ ವಿಷಯ ಅನ್ನಿಸುತ್ತದೆ.

ಗಾಜಿನ ಮನೆಗಳಿಗೆ ಹೋಗುವಾಗ ಮಗಳನ್ನು ಕರೆದುಕೊಂಡು ಹೋಗಲು ಇಷ್ಟ. ಅವಳು ಕೇಳುವ ಪ್ರಶ್ನೆ ನನಗೆ ಹೊಳೆಯುವುದೇ ಇಲ್ಲ. ಮರುಭೂಮಿ ಗಿಡಗಳ ಮನೆಯಲ್ಲಿ ಎಡಗಡೆ ಅಮೆರಿಕದ ಗಿಡಗಳು, ಬಲಗಡೆ ಆಫ್ರಿಕಾದವು. ಎರಡೂ ಕಡೆ ಕಂಬದ ಹಾಗೆ ನಿಂತ, ಏಣು ಏಣಾದ, ಮುಳ್ಳಿನ ಗಿಡಗಳು.

“ಅಮ್ಮಾ, ಎರಡೂ ಒಂದೇ ಅಲ್ವಾ? ಯಾಕೆ ಬೇರೆ ಬೇರೆ ಕಡೆ ಇಟ್ಟಿದ್ದಾರೆ?”

“ಲೇಬಲ್ ಓದು ಪುಟ್ಟಿ. ಕುಟುಂಬದ ಹೆಸರು ಏನಿದೆ?”

ಒಂದು ಕ್ಯಾಕ್ಟಸ್ ಕುಟುಂಬ. ಇನ್ನೊಂದು ಯುಫೋರ್ಬಿಯಾ ಕುಟುಂಬ. ಹತ್ತಿರದ ನೆಂಟರೇ ಅಲ್ಲ. “ಮತ್ತೆ ಹೇಗೆ ಒಂದೇ ಥರ ಇವೆ?” ಅಂದಳು. ಇದನ್ನು ಪುಸ್ತಕದಲ್ಲಿ ಓದಿದರೆ ಒಂದು ಸಾಲು. ಎರಡನ್ನೂ ಎದುರಿಗಿಟ್ಟುಕೊಂಡು ಮಾತಾಡಿದರೆ ಅರ್ಧ ಗಂಟೆ. ನೀರು ಕಡಿಮೆ, ಬಿಸಿಲು ಜಾಸ್ತಿ. ಎಲೆ ಇದ್ದರೆ ನೀರು ಆವಿಯಾಗಿ ಹೋಗುತ್ತದೆ, ಹಾಗಾಗಿ ಎಲೆ ಬಿಟ್ಟುಕೊಟ್ಟವು. ಕಾಂಡವೇ ಹಸಿರಾಗಿ ಎಲೆಯ ಕೆಲಸ ವಹಿಸಿಕೊಂಡಿತು, ನೀರನ್ನೂ ತುಂಬಿಕೊಂಡಿತು. ನೀರು ಕುಡಿದಾಗ ಉಬ್ಬಲು, ಒಣಗಿದಾಗ ಕುಗ್ಗಲು ಏಣುಗಳು. ಎರಡು ಖಂಡಗಳಲ್ಲಿ ಎರಡು ಬೇರೆ ಕುಟುಂಬಗಳು ಒಂದೇ ಕಷ್ಟಕ್ಕೆ ಒಂದೇ ಉತ್ತರ ಹುಡುಕಿಕೊಂಡವು.

ಆಮೇಲೆ ವ್ಯತ್ಯಾಸ ಹುಡುಕಿದೆವು. ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ಹತ್ತಿಯ ಉಂಡೆಯಂಥ ಪುಟ್ಟ ದಿಂಬುಗಳಿಂದ ಗೊಂಚಲಾಗಿ ಹೊರಡುತ್ತವೆ. ಆ ದಿಂಬಿಗೆ ಏರಿಯೋಲ್ ಅನ್ನುತ್ತಾರೆ. ಯುಫೋರ್ಬಿಯಾದಲ್ಲಿ ಅದು ಇರುವುದೇ ಇಲ್ಲ, ಎಷ್ಟೋ ಜಾತಿಗಳಲ್ಲಿ ಮುಳ್ಳು ಜೋಡಿಯಾಗಿ ಇರುತ್ತದೆ. ಮುರಿದರೆ ಯುಫೋರ್ಬಿಯಾದಿಂದ ಹಾಲು ಬರುತ್ತದೆ. ಆ ಹಾಲು ಕಣ್ಣಿಗೆ ತಾಗಿದರೆ ತುಂಬಾ ಅಪಾಯ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಹೂ ಬಿಟ್ಟಿದ್ದರೆ ಅನುಮಾನವೇ ಬೇಡ. ಕ್ಯಾಕ್ಟಸ್ ಹೂವಿಗೆ ತುಂಬಾ ದಳ, ರೇಷ್ಮೆಯ ಹೊಳಪು. ಯುಫೋರ್ಬಿಯಾದ ಹೂ ಹತ್ತಿರ ಹೋಗದಿದ್ದರೆ ಕಾಣುವುದೇ ಇಲ್ಲ. ಈಗ ಅವಳು ಯಾವ ಕುಂಡ ಕಂಡರೂ ಮೊದಲು ಮುಳ್ಳಿನ ಬುಡ ನೋಡುತ್ತಾಳೆ.

ಹೊರಗಡೆ ಮರಗಳಲ್ಲಿ ನಾನು ತಪ್ಪದೆ ಹುಡುಕುವುದು ನಾಗಲಿಂಗ. ದಕ್ಷಿಣ ಅಮೆರಿಕದ ಈ ಮರವನ್ನು ಬೆಚ್ಚಗಿನ ನಾಡುಗಳ ಸಸ್ಯೋದ್ಯಾನಗಳಲ್ಲೆಲ್ಲ ನೆಟ್ಟಿದ್ದಾರೆ. ಹೂ ಬಿಡುವುದು ರೆಂಬೆಯ ತುದಿಯಲ್ಲಲ್ಲ, ನೇರ ಕಾಂಡದ ಮೇಲೆ. ಆದ್ದರಿಂದ ಕತ್ತು ಎತ್ತದೆ ಕಣ್ಣೆದುರೇ ನೋಡಬಹುದು. ಉದುರಿದ ಹೂವೊಂದನ್ನು ಕೈಗೆತ್ತಿಕೊಂಡು ನೋಡಿ. ದಪ್ಪನೆಯ ದಳಗಳು. ನಡುವೆ ಅಂಡಾಶಯದ ಸುತ್ತ ಗಿಡ್ಡ ಕೇಸರಗಳ ಉಂಗುರ. ಅದರ ಮೇಲೆ ಹೆಡೆಯ ಹಾಗೆ ಬಾಗಿರುವ ಇನ್ನೊಂದು ಕೇಸರಗಳ ಗುಂಪು. ಈ ಎರಡು ಗುಂಪುಗಳ ಪರಾಗ ಒಂದೇ ಅಲ್ಲ! ಹೆಡೆಯ ಪರಾಗ ಬರೀ ದುಂಬಿಗಳ ಊಟಕ್ಕೆ, ಅದರಿಂದ ಬೀಜ ಕಟ್ಟುವುದಿಲ್ಲ. ದುಂಬಿ ಹೆಡೆಯ ಕಡೆ ಮುಖ ಮಾಡಿ ನುಗ್ಗಿದಾಗ ಅದರ ಬೆನ್ನಿಗೆ ಉಂಗುರದ ಕೇಸರಗಳ ಪರಾಗ ಅಂಟುತ್ತದೆ. ಬೀಜ ಕಟ್ಟುವುದು ಅದರಿಂದ. ಒಂದು ಹೂವಿನ ಒಳಗೆ ಕೊಡುವುದಕ್ಕೆ ಬೇರೆ, ಕಳಿಸುವುದಕ್ಕೆ ಬೇರೆ ಅಂತ ಎರಡು ಉಗ್ರಾಣ. ಇದನ್ನು ತಿಳಿದ ಮೇಲೆ ನಾನು ಆ ಹೂವಿನ ಚಿತ್ರವನ್ನು ಹೊಸದಾಗಿ ಬರೆದೆ. ಮೊದಲಿನ ಚಿತ್ರದಲ್ಲಿ ಕೇಸರಗಳೆಲ್ಲ ಒಂದೇ ಥರ ಇದ್ದವು. ಈಗಿನದರಲ್ಲಿ ಎರಡು ಥರ.

ಹೋಗುವವರಿಗೆ ನಾನು ಹೇಳುವುದು ಇಷ್ಟೇ: ಇಡೀ ತೋಟ ಮುಗಿಸಲು ಹೋಗಬೇಡಿ. ಕ್ಯೂ ತೋಟದಂಥ ಜಾಗವನ್ನು ಒಂದು ದಿನದಲ್ಲಿ ನಡೆದು ಮುಗಿಸಿದರೆ ಕಾಲು ನೋಯುತ್ತದೆ, ನೆನಪು ಉಳಿಯುವುದಿಲ್ಲ. ಜರೀಗಿಡಗಳ ಭಾಗ ಒಂದು ಸಲ, ತಾಳೆಗಳು ಇನ್ನೊಂದು ಸಲ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋದರೆ ಬೆಳಕೂ ಓರೆಯಾಗಿರುತ್ತದೆ, ಎಲೆಯ ನರಗಳು ಎದ್ದು ಕಾಣುತ್ತವೆ. ಫೋಟೊ ತೆಗೆಯುವುದಾದರೆ ಮೊದಲು ಲೇಬಲ್‌ನದು ತೆಗೆದುಕೊಂಡು ಆಮೇಲೆ ಗಿಡದ್ದು. ಮನೆಗೆ ಬಂದಾಗ ಯಾವ ಹೆಸರು ಯಾವ ಗಿಡದ್ದು ಅಂತ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ. ಅದೇ ಜಾಗಕ್ಕೆ ಬೇರೆ ಬೇರೆ ಋತುವಿನಲ್ಲಿ ಹೋಗಿ. ಎಲೆ ಉದುರಿದ ಮರದಲ್ಲಿ ಕಾಣುವ ಕವಲುಗಳ ಚೆಲುವು ಹಸಿರು ತುಂಬಿದಾಗ ಕಾಣುವುದಿಲ್ಲ.

ಮನೆಯಲ್ಲಿ ತೋಟ ಮಾಡುವವರು ಹೂವಿಗಿಂತ ಜಾಸ್ತಿ ನೆರಳನ್ನು ಗಮನಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ದಟ್ಟ ಮರದ ಕೆಳಗೆ ಅವರು ಏನು ನೆಟ್ಟಿದ್ದಾರೆ? ಅಲ್ಲಿ ಬದುಕಿರುವುದು ನಿಮ್ಮ ಮಬ್ಬು ಮೂಲೆಯಲ್ಲೂ ಬದುಕುವ ಸಾಧ್ಯತೆ ಹೆಚ್ಚು. ಎರಡು ಗಿಡಗಳ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ ನೋಡಿ. ನರ್ಸರಿಯಲ್ಲಿ ಮೊಣಕಾಲೆತ್ತರ ಇರುವ ನಾರ್ಫೋಕ್ ಪೈನ್ ಐವತ್ತು ಮೀಟರ್ ದಾಟಿ ಬೆಳೆಯಬಲ್ಲದು. ಬೆಳೆದದ್ದನ್ನು ಒಮ್ಮೆ ಕಣ್ಣಾರೆ ನೋಡಿದವರು ಅದನ್ನು ಗೋಡೆಗೆ ಒತ್ತಿ ನೆಡುವುದಿಲ್ಲ. ಕೆಲಸ ಮಾಡುತ್ತಿರುವ ಮಾಲಿಗಳು ಸಿಕ್ಕಿದರೆ ಮಾತಾಡಿಸಿ. ಯಾವ ಗಿಡಕ್ಕೆ ಯಾವಾಗ ಕತ್ತರಿ ಹಾಕಬೇಕು ಅನ್ನುವುದು ಅವರ ಕೈಗೆ ಗೊತ್ತಿರುತ್ತದೆ. ಬೀಜ, ಕಡ್ಡಿ ಮಾತ್ರ ಕೀಳಬೇಡಿ. ಒಬ್ಬರಿಗೆ ಒಂದು ಬೀಜ ಅಷ್ಟೇ, ಆದರೆ ಆ ಗಿಡ ಆ ವರ್ಷ ಬಿಟ್ಟದ್ದೇ ಅಷ್ಟಿರಬಹುದು.

ಸಸ್ಯೋದ್ಯಾನಗಳ ಹಳೆಯ ಚರಿತ್ರೆಯಲ್ಲಿ ನೋವಿನ ಭಾಗವೂ ಇದೆ. ಇಂಗ್ಲೆಂಡಿನ ಹೆನ್ರಿ ವಿಕ್‌ಹ್ಯಾಮ್ 1876ರಲ್ಲಿ ಬ್ರೆಜಿಲ್‌ನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಕ್ಯೂಗೆ ತಂದ. ಅಲ್ಲಿ ಮೊಳೆತ ಸಸಿಗಳು ಏಷ್ಯಾಕ್ಕೆ ಬಂದವು. ಸಿಂಗಪುರದ ಸಸ್ಯೋದ್ಯಾನದಲ್ಲಿ ಹೆನ್ರಿ ರಿಡ್ಲಿ ಮರ ಸಾಯದ ಹಾಗೆ ಹಾಲು ಇಳಿಸುವ ವಿಧಾನ ರೂಪಿಸಿದ. ಆಮೇಲೆ ದೊಡ್ಡ ದೊಡ್ಡ ರಬ್ಬರ್ ತೋಟಗಳಾದವು, ಅಮೆಜಾನಿನ ವ್ಯಾಪಾರ ಕುಸಿಯಿತು. ಸಾಮ್ರಾಜ್ಯಗಳಿಗೆ ಈ ತೋಟಗಳು ಲಾಭದ ದಾರಿಯೂ ಆಗಿದ್ದವು. ಗಿಡ ಎಲ್ಲಿಂದ ಬಂತು ಅಂತ ಲೇಬಲ್‌ನಲ್ಲಿ ಓದುವಾಗ, ಹೇಗೆ ಬಂತು ಅಂತಲೂ ನಾವು ಕೇಳಬೇಕು.

ಇವತ್ತು ಅದೇ ತೋಟಗಳು ಬೇರೆ ಹೊಣೆ ಹೊತ್ತಿವೆ. ಫ್ರಾಂಕ್ಲಿನಿಯಾ ಅನ್ನುವ ಬಿಳಿ ಹೂವಿನ ಪುಟ್ಟ ಮರ ಅಮೆರಿಕದ ಜಾರ್ಜಿಯಾದ ಕಾಡಿನಲ್ಲಿ ಕೊನೆಯದಾಗಿ ಕಂಡದ್ದು 1803ರಲ್ಲಿ. ಈಗ ಬದುಕಿರುವುದೆಲ್ಲ ಅದಕ್ಕೂ ಮೊದಲು ಬಾರ್ಟ್ರಾಮ್ ಕುಟುಂಬದವರು ತಂದು ತಮ್ಮ ತೋಟದಲ್ಲಿ ಬೆಳೆಸಿದ ಗಿಡಗಳ ಸಂತತಿ. ವೊಲೆಮಿ ಪೈನ್ ಕುಲದ ಕಥೆ ಉಲ್ಟಾ. ಪಳೆಯುಳಿಕೆಗಳಲ್ಲಿ ಮಾತ್ರ ಇದೆ ಅಂದುಕೊಂಡಿದ್ದದ್ದು 1994ರಲ್ಲಿ ಆಸ್ಟ್ರೇಲಿಯಾದ ಒಂದು ಕಣಿವೆಯಲ್ಲಿ ಜೀವಂತ ಸಿಕ್ಕಿತು. ಕಾಡಿನಲ್ಲಿರುವುದು ತೀರಾ ಕೆಲವೇ ಮರಗಳು, ಒಂದು ಕಾಡ್ಗಿಚ್ಚಿಗೆ ಮುಗಿದುಹೋಗಬಹುದು. ಅದಕ್ಕೇ ಸಸಿಗಳನ್ನು ಮಾಡಿ ಜಗತ್ತಿನ ಎಷ್ಟೋ ತೋಟಗಳಿಗೆ ಹಂಚಿದ್ದಾರೆ. ಎಲ್ಲಾದರೂ ಸಿಕ್ಕಿದರೆ ಅದರ ತೊಗಟೆ ನೋಡಿ. ಕಂದು ಬಣ್ಣದ ಗುಳ್ಳೆಗಳು ಕುದಿಯುತ್ತಾ ಗಟ್ಟಿಯಾದ ಹಾಗಿರುತ್ತದೆ.

ನನಗೆ ಈಗ ಸೈಕಾಡ್‌ಗಳ ಹುಚ್ಚು ಹಿಡಿದಿದೆ. ನೋಡಲು ತಾಳೆಯ ಹಾಗೆ, ಆದರೆ ಹೂ ಬಿಡದ ಪುರಾತನ ಗಿಡಗಳು ಇವು; ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಎನ್ಸೆಫಲಾರ್ಟಸ್ ವುಡಿಐ ಅಂತ ಒಂದು ಜಾತಿ. ಸಸ್ಯಶಾಸ್ತ್ರಜ್ಞ ಜಾನ್ ಮೆಡ್ಲಿ ವುಡ್ 1895ರಲ್ಲಿ ದಕ್ಷಿಣ ಆಫ್ರಿಕಾದ ಎನ್‌ಗೋಯೆ ಕಾಡಿನಲ್ಲಿ ಇದನ್ನು ಕಂಡಾಗ ಇದ್ದದ್ದು ಒಂದೇ ಗಿಡ, ಹಲವು ಕಾಂಡಗಳದ್ದು. ಅದು ಗಂಡು. ಹೆಣ್ಣು ಗಿಡ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ. ಜಗತ್ತಿನ ತೋಟಗಳಲ್ಲಿರುವ ಎಲ್ಲ ಗಿಡಗಳೂ ಆ ಒಂದರ ಮರಿಗಳೇ. ಆದ್ದರಿಂದ ತಾನಾಗಿ ಬೀಜ ಕಟ್ಟುವ ಹಾಗಿಲ್ಲ. ಇತ್ತೀಚೆಗೆ ಆ ಕಾಡಿನ ಮೇಲೆ ಡ್ರೋನ್ ಹಾರಿಸಿ, ಚಿತ್ರಗಳನ್ನು ಕಂಪ್ಯೂಟರಿಗೆ ಕೊಟ್ಟು ಹೆಣ್ಣು ಗಿಡ ಹುಡುಕುವ ಕೆಲಸ ನಡೆದಿದೆ. ಹುಡುಕಬೇಕಾದ ಕಾಡು ಇನ್ನೂ ಬಾಕಿ ಇದೆ. ಹೊಸ ತೋಟಕ್ಕೆ ಹೋದಾಗಲೆಲ್ಲ ನಾನು ಗೇಟಿನಲ್ಲೇ ಸೈಕಾಡ್‌ಗಳ ಭಾಗ ಎಲ್ಲಿ ಅಂತ ಕೇಳಿ, ಮೊದಲು ಅಲ್ಲಿಗೇ ಹೋಗುತ್ತೇನೆ.